ಮೊಳಕಾಲ್ಮೂರಿಗೆ ಹೋದ ಬೆಂಚು

ಬೆಳಿಗ್ಗೆ ಎಂಟಕ್ಕೆ ಚಳ್ಳಕೆರೆ ಬಿಟ್ಟೆವು. ಬಸ್ಸಿನ ಟಾಪಿನ ಮೇಲೆ ನಮ್ಮ ಮರದ ಬೆಂಚು, ಒಳಗೆ ನಾವಿಬ್ಬರು: ಗುಮಾಸ್ತನಾಗಿದ್ದ ನಾನು, ಮತ್ತು ನಾಟಕ ಬರೆದ ಕಾಲೇಜು ಮೇಷ್ಟ್ರು ತಿಪ್ಪೇಶಣ್ಣ. ತೊಂಬತ್ತರ ದಶಕ ಮುಗಿಯುತ್ತಿತ್ತು.

ನಾವಿಬ್ಬರೇ ಆಡುತ್ತಿದ್ದ ಆ ನಾಟಕದಲ್ಲಿ ಕಥೆ ಅಂತ ಏನೂ ಇರಲಿಲ್ಲ. ಇಬ್ಬರು ದಿನಾ ಬೆಳಿಗ್ಗೆ ಬೆಂಚನ್ನು ಈ ಬದಿಯಿಂದ ಆ ಬದಿಗೆ ಒಯ್ಯುತ್ತಾರೆ, ಸಂಜೆ ವಾಪಸ್ ತರುತ್ತಾರೆ. ಯಾಕೆಂದು ಇಬ್ಬರಿಗೂ ಗೊತ್ತಿಲ್ಲ. ಒಂದು ದಿನ ಒಬ್ಬ ಬರುವುದಿಲ್ಲ. ಇನ್ನೊಬ್ಬ ಒಂಟಿಯಾಗಿ ಎತ್ತಲು ಹೋಗಿ, ಆಗದೆ, ನೆಲಕ್ಕೆ ಕುಸಿದು ಕೂರುತ್ತಾನೆ. ಅಷ್ಟೇ. ಚಳ್ಳಕೆರೆಯಲ್ಲಿ ಆಡಿದಾಗ ಆ ಹೊತ್ತಿಗೆ ನಾಲ್ಕೇ ಜನ ಉಳಿದಿದ್ದರು.

ನಡುದಾರಿಯ ತಳಕು ಊರಲ್ಲಿ ಬಸ್ ನಿಂತಿತು. ಟೀ ಹಿಡಿದುಕೊಂಡು ತಿಪ್ಪೇಶಣ್ಣ, "ಇಲ್ಲೂ ಎದ್ದು ಹೋದ್ರೆ ಮುಗೀತು ಕಣೋ. ನಾಟಕದ ಸಾವಾಸನೇ ಬೇಡ" ಎಂದರು. ಹನ್ನೊಂದು ವರ್ಷದಿಂದ ಬರೆಯುತ್ತಿದ್ದ ಮನುಷ್ಯ. ನಾನು ಮಂಡಕ್ಕಿ ಪೊಟ್ಟಣ ಅವರ ಕಡೆ ಚಾಚಿದೆ.

ಅವತ್ತು ಅಮಾವಾಸ್ಯೆ, ಮೊಳಕಾಲ್ಮೂರಿನ ಮಗ್ಗಗಳಿಗೆ ರಜೆ. ನಾಟಕಕ್ಕೆ ಕರೆಸಿದವರ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು ಉಂಡು, ಮೂರು ಗಂಟೆಗೆ ನೇಕಾರರ ಬೀದಿಯ ಬೇವಿನ ನೆರಳಲ್ಲಿ ಶುರು ಮಾಡಿದೆವು. ಜನ ಮೊದಲು ನಕ್ಕರು. ಆಮೇಲೆ ಸುಮ್ಮನಾದರು. ನಾನು ಒಬ್ಬನೇ ಬೆಂಚು ಎಳೆಯುವ ಘಟ್ಟ ಬಂತು.

ಮುಂದೆ ಕೂತಿದ್ದ ವೃದ್ಧರೊಬ್ಬರು ಪಂಚೆ ಮೇಲಕ್ಕೆ ಕಟ್ಟಿ ಎದ್ದರು. ನೇಕಾರ ವೆಂಕಟಪ್ಪ ಎಂದು ಆಮೇಲೆ ಗೊತ್ತಾಯಿತು. ಹೊರಟರು, ಇನ್ನು ಎಲ್ಲರೂ ಹೋಗುತ್ತಾರೆ ಅಂದುಕೊಂಡೆ. ಅವರು ನೇರ ಬಂದು ಬೆಂಚಿನ ಇನ್ನೊಂದು ತುದಿ ಹಿಡಿದು, ತೆಲುಗು ಬೆರೆಸಿ ಹೇಳಿದರು:

"ಪಟ್ಟುಕೋ ನಾಯನಾ, ಆ ಕಡೆ ನೀನು ಹಿಡಿ. ಎಲ್ಲಿಗೆ ಒಯ್ಬೇಕು?"

ಬಾರದವನ ಪಾತ್ರದ ತಿಪ್ಪೇಶಣ್ಣ ಮರದ ಹಿಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದರು. "ಆ ಬದಿಗೆ, ತಾತ" ಎಂದೆ. ಒಯ್ದಿಟ್ಟೆವು.

"ಆಮೇಲೆ?"

"ಮತ್ತೆ ಇಲ್ಲಿಗೇ ತರ್ಬೇಕು."

"ಯಾಕೆ?"

"ಗೊತ್ತಿಲ್ಲ, ತಾತ."

"ಹೋಗ್ಲಿ ಬಿಡು. ನಲವತ್ತು ವರ್ಷದಿಂದ ನಾನೂ ಮಗ್ಗದಲ್ಲಿ ಲಾಳಿ ಅತ್ತ ಇತ್ತ ಎಸೀತಾನೇ ಇದೀನಿ. ಜೊತೆಗೆ ಮಾತಾಡೋರು ಒಬ್ರು ಇದ್ರೆ ಹೊತ್ತು ಹೋಗ್ತೈತೆ." ವಾಪಸ್ ತಂದಿಟ್ಟ ಬೆಂಚಿನ ಮೇಲೆ ಕೂತು, ಟವೆಲಿನಿಂದ ಮುಖ ಒರೆಸಿಕೊಂಡು ಕೇಳಿದರು: "ನಾಳೆ ಎಷ್ಟೊತ್ತಿಗೆ ಬರ್ಲಿ?"

ಇಡೀ ಬೀದಿ ಹೋ ಎಂದು ನಕ್ಕಿತು. ನನಗೂ ತಡೆಯಲಾಗಲಿಲ್ಲ. ಕುಸಿದು ಕೂರುವುದು ಮರೆತೇ ಹೋಯಿತು. ಒಬ್ಬರೂ ಎದ್ದು ಹೋಗಲಿಲ್ಲ.

ಐದೂವರೆಯ ಬಸ್ಸು ಹತ್ತಿದೆವು. "ಕೊನೇ ಸೀನು ಹಾಳಾಯ್ತು, ಅಲ್ವಾ ಅಣ್ಣ?" ಎಂದೆ.

"ಹಾಳಾಗಿದ್ದೇ ಒಳ್ಳೇದಾಯ್ತು ಬಿಡಲೇ" ಎಂದ ತಿಪ್ಪೇಶಣ್ಣ ನಾಟಕದ ನೋಟ್‌ಬುಕ್ಕಿನಿಂದ ಕೊನೇ ಸೀನಿನ ಹಾಳೆ ಹರಿದು ಜೇಬಿಗಿಟ್ಟು, ಹೊಸ ಹಾಳೆಯಲ್ಲಿ ಬರೆಯತೊಡಗಿದರು. ಕಿಟಕಿಯಿಂದ ಹಿಂದಕ್ಕೆ ನೋಡಿದೆ. ಮೊಳಕಾಲ್ಮೂರಿನ ಬಂಡೆಗುಡ್ಡಗಳು ಸಂಜೆಬಿಸಿಲಿಗೆ ಕೆಂಪಗಿದ್ದವು. ಬಸ್ಸಿನ ಕುಲುಕಾಟಕ್ಕೆ ಅಣ್ಣನ ಅಕ್ಷರಗಳು ಸೊಟ್ಟಗಾಗುತ್ತಿದ್ದವು. ನಾನು ಕೈಚಾಚಿ ನೋಟ್‌ಬುಕ್ಕನ್ನು ಅಲುಗಾಡದಂತೆ ಹಿಡಿದುಕೊಂಡೆ.