ಹಸಿ ಹೂವಿನ ಬಿಯರೂ ಮೋನಾಳ ಮೂಗೂ

ಮೋನಾ ಗಿಲ್‌ಕ್ರಿಸ್ಟ್ ಬಿಯರ್ ಕುಡಿಯುವುದನ್ನು ಮೊದಲ ಸಲ ನೋಡಿದವರು, ಪಾಪ, ಯಾರೋ ಬಲವಂತ ಮಾಡಿ ಕುಡಿಸುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಲೋಟವನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಕಷಾಯ ಕೊಟ್ಟ ಮಗುವಿನ ಹಾಗೆ ಮುಖ ಹಿಂಡಿ, ಮೂರು ಸಲ ಮೂಸುತ್ತಾಳೆ. ಆಮೇಲೆ ಒಂದೇ ಗುಟುಕು. ಅರ್ಧ ಲೋಟ ಮುಗಿಯಲು ಮುಕ್ಕಾಲು ಗಂಟೆ ಬೇಕು.

ಮೊಟುಯೆಕಾ ಕಣಿವೆಯಲ್ಲಿ ಆ ಮೂಗಿಗೆ ಹೆಸರಿತ್ತು. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ ಹೂವನ್ನು ಬಿಸಿಗಾಳಿಯಲ್ಲಿ ಒಣಗಿಸುವ ಗೂಡಿನಲ್ಲಿ ಅವಳು ಮೂವತ್ತೊಂದು ಸುಗ್ಗಿ ಕೆಲಸ ಮಾಡಿದವಳು. ಹಸಿ ಹೂವನ್ನು ಮೊಳಕಾಲೆತ್ತರ ಹರಡಿ ಕೆಳಗಿನಿಂದ ಬೆಂಕಿ ಕೊಟ್ಟರೆ, ಇನ್ನು ಸಾಕು ಎಂದು ಯಂತ್ರದ ಮುಳ್ಳು ತೋರಿಸುವ ಮೊದಲೇ ಮೋನಾ ಹೇಳುತ್ತಿದ್ದಳು. ಹೇಳಿದ್ದು ತಪ್ಪಿದ್ದು ಎರಡೋ ಮೂರೋ ಸಲ. ಆ ಎರಡು ಮೂರು ಸಲವೂ ಯಂತ್ರವೇ ಕೆಟ್ಟಿತ್ತು ಎಂದು ಅವಳ ವಾದ.

ಗಂಡ ಕಾಲಿನ್ ಇರುವವರೆಗೆ ಅವಳು ಬಿಯರ್ ಮುಟ್ಟಿದವಳಲ್ಲ. ಅವನು ತೀರಿಕೊಂಡ ಮರುತಿಂಗಳು ಪಕ್ಕದ ಮನೆಯ ಇಹಾಯ ಬಾಗಿಲಿಗೆ ಬಂದು, "ಎದ್ದೇಳು ಮಾರಾಯ್ತಿ, ಗೋಡೆ ನೋಡ್ತಾ ಕೂತಿದ್ರೆ ಗೋಡೆ ಏನು ಮಾತಾಡತ್ತಾ?" ಎಂದು ಕಾರು ಹತ್ತಿಸಿದ್ದ. ಇಹಾಯ ಮರದ ದಿಮ್ಮಿಯ ಲಾರಿ ಓಡಿಸಿ ನಿವೃತ್ತನಾದವನು. ಸಕ್ಕರೆ ಕಾಯಿಲೆಯಿಂದಾಗಿ ಬಿಯರ್ ಬಿಟ್ಟಿದ್ದ, ಬ್ರೂವರಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಪ್ರತಿ ಬುಧವಾರ ಐದಾರು ಜನ ಸೇರಿ ಒಂದೊಂದು ಬ್ರೂವರಿಗೆ ಹೋಗುವುದು, ಹೊಸದೇನು ಕುದಿಸಿದ್ದಾರೆ ಎಂದು ರುಚಿ ನೋಡುವುದು, ಜಗಳವಾಡಿಕೊಂಡು ಮನೆಗೆ ಬರುವುದು. ಊರಿನವರು ಇವರನ್ನು ಬುಧವಾರದವರು ಎನ್ನುತ್ತಿದ್ದರು.

ಅಂದು ಇಹಾಯ ಅವಳನ್ನು ಮೊದಲು ಕರೆದೊಯ್ದದ್ದು ರಿವಾಕಾದಲ್ಲಿದ್ದ ಡೆಸ್ ಲಾಟನ್‌ನ ಬ್ರೂವರಿಗೆ. ಸೇಬು ತುಂಬುತ್ತಿದ್ದ ಹಳೆಯ ಕೊಟ್ಟಿಗೆ ಅದು. ಡೆಸ್ ಹಾಲು ಕರೆಯುವ ಯಂತ್ರ ರಿಪೇರಿ ಮಾಡಿಕೊಂಡಿದ್ದವನು, ನಲವತ್ತು ದಾಟಿದ ಮೇಲೆ ಬಿಯರಿನ ಹುಚ್ಚು ಹತ್ತಿಸಿಕೊಂಡವನು. ಮೋನಾ ಮೂಸುವುದನ್ನು ನೋಡಿ ಅವನು ನಕ್ಕಿರಲಿಲ್ಲ. ಸ್ಟೂಲು ಎಳೆದು ಎದುರು ಕೂತು, "ಏನು ಸಿಕ್ತು, ಒಂದೊಂದಾಗಿ ಹೇಳಿ" ಎಂದಿದ್ದ. ಗಂಡ ಹೋದ ಮೇಲೆ ಅವಳನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಅದಾಗಿ ಹದಿನಾರು ವರ್ಷ.

ಈ ವರ್ಷದ ಸಂಗತಿ ಹೇಳುತ್ತೇನೆ. ಏಪ್ರಿಲ್‌ನಲ್ಲಿ ಇಲ್ಲಿ ಬೇಸಿಗೆ ಮುಗಿದು ಚಳಿ ಕಾಲಿಡುವ ಹೊತ್ತಿಗೆ ನಮ್ಮ ಮೈದಾನದಲ್ಲಿ ಹಸಿ ಹೂವಿನ ಬಿಯರ್ ಹಬ್ಬ. ಬಿಯರಿಗೆ ಕಟ್ಟಳೆ ಒಂದೇ: ಬೆಳಗ್ಗೆ ಬಳ್ಳಿಯಿಂದ ಕಿತ್ತ ಹೂವು ಒಣಗೂಡಿಗೆ ಹೋಗದೆ ಅದೇ ದಿನ ಹೊತ್ತು ಮುಳುಗುವುದರೊಳಗೆ ಹಂಡೆಗೆ ಬೀಳಬೇಕು. ಒಣಹೂವು ಒಂದು ಚಿಟಿಕೆಯೂ ಸೇರಬಾರದು. ಮೂವರು ಕೂತು ರುಚಿ ನೋಡಿ ಮೊದಲನೆಯದನ್ನು ಆರಿಸುತ್ತಾರೆ. ಮೂವರಲ್ಲಿ ಒಬ್ಬರು ಕುಡಿಯುವವರ ಕಡೆಯವರು. ಈ ಸಲ ಬುಧವಾರದವರೆಲ್ಲ ಸೇರಿ ಮೋನಾಳ ಹೆಸರು ಕೊಟ್ಟಿದ್ದರು. ಮೊದಲು ಬಂದ ಬಿಯರನ್ನು ವೆಲಿಂಗ್ಟನ್ನಿನ ಹತ್ತಾರು ಪಬ್ಬುಗಳು ವರ್ಷವಿಡೀ ತರಿಸಿಕೊಳ್ಳುತ್ತವೆ. ಡೆಸ್ ಎಲ್ಲರ ಮುಂದೆಯೇ ಹೇಳಿಬಿಟ್ಟಿದ್ದ: "ಈ ಸಲ ಗೆದ್ರೆ ಬ್ರೂವರಿ. ಇಲ್ಲದಿದ್ರೆ ವಾಪಸ್ ಹಸುವಿನ ಕೆಳಗೆ."

ಹಬ್ಬಕ್ಕೆ ಮೂರು ದಿನ ಇರುವಾಗ ಬುಧವಾರದವರು ಕೊನೆಯದಾಗಿ ಡೆಸ್‌ನಲ್ಲಿಗೆ ಹೋದರು. ಉಳಿದ ಬ್ರೂವರಿಗಳನ್ನೆಲ್ಲ ಬಿಸಿಲಿದ್ದಾಗಲೇ ಮುಗಿಸಿದ್ದರು. ಅಂದು ದಕ್ಷಿಣದ ಗಾಳಿ ತಿರುಗಿ, ವರ್ಷದ ಮೊದಲ ಚಳಿ. ಎಲ್ಲರೂ ಪೆಟ್ಟಿಗೆಯೊಳಗಿನ ಸ್ವೆಟರು ತೆಗೆದು ತೊಟ್ಟು ಬಂದಿದ್ದರು.

"ಬನ್ನಿ ಮಹಾರಾಣಿ, ಏನನ್ನತ್ತೆ ನಿಮ್ಮ ಮೂಗಿನ ಯಂತ್ರ?" ಎಂದು ಡೆಸ್ ಲೋಟ ಮುಂದಿಟ್ಟ.

ಮೋನಾ ಮೂಸಿದಳು. ಕೊಯ್ದ ಹುಲ್ಲು. ನಿಂಬೆ ಸಿಪ್ಪೆ. ಒದ್ದೆ ಎಲೆ. ಎರಡನೆಯ ಸಲಕ್ಕೆ ಅದರಡಿಯಲ್ಲಿ ಇನ್ನೇನೋ. ಬಿಸಿ ಗೋಣಿ, ಹಳೆಯ ಚಹಾಪುಡಿ. ಮೂರನೆಯ ಸಲಕ್ಕೆ ಅನುಮಾನವೇ ಉಳಿಯಲಿಲ್ಲ. ಒಣಗೂಡು. ಅವಳ ಮೂವತ್ತೊಂದು ವರ್ಷ.

"ಚೆನ್ನಾಗಿದೆ," ಎಂದಳು.

"ಅಷ್ಟೇನಾ? ಒಂದೊಂದಾಗಿ ಹೇಳಿ."

"ಚೆನ್ನಾಗಿದೆ ಅಂದ್ನಲ್ಲಪ್ಪಾ."

ಅಷ್ಟು ಹೇಳಿ ಕೂತವಳಿಗೆ ಆಮೇಲೆ ಕಂಡದ್ದೆಲ್ಲ ಬೇರೆಯಾಗಿಯೇ ಕಂಡಿತು. ತಣ್ಣನೆ ಕೋಣೆಯ ಬಾಗಿಲು ಅರೆ ತೆರೆದಿತ್ತು, ಒಳಗೆ ಒಣಹೂವಿನ ಬೆಳ್ಳಿ ಬಣ್ಣದ ಚೀಲಗಳು. ಡೆಸ್ ಹಾದು ಹೋಗುವಾಗ ಬಾಗಿಲನ್ನು ಕಾಲಿನಿಂದ ಮುಚ್ಚಿದ. ಚಳಿಗೆ ಮುಚ್ಚಿದನೋ, ಅವಳ ಕಣ್ಣಿಗೆ ಬೀಳದಿರಲೆಂದು ಮುಚ್ಚಿದನೋ? ಗೋಡೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮಾರ್ಚಿ ತಿಂಗಳ ಒಂದು ಗುರುವಾರ ಬರೆದಿತ್ತು, ಪಕ್ಕದಲ್ಲಿ 'ಕುದಿ' ಎಂದು. ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಡೆಸ್ ಅಂದು ಎಂದಿಗಿಂತ ಹೆಚ್ಚು ನಗುತ್ತಿದ್ದಾನೆ ಅನ್ನಿಸಿತು.

ಕಾರಿನಲ್ಲಿ ಇಹಾಯನಿಗೆ ಹೇಳಿದಳು.

"ಅವನನ್ನೇ ಕೇಳ್ಬಿಡು," ಎಂದ ಇಹಾಯ.

"ಕೇಳಿದ್ರೆ ಯಾವ ಕಳ್ಳ ಹೌದು ಅಂತಾನೆ?"

"ಅಬ್ಬಾ, ಆಗ್ಲೇ ಕಳ್ಳ ಮಾಡ್ಬಿಟ್ಯಾ? ಬೆಳಗ್ಗೆ ಅವನು ನಿನ್ನ ಗೆಳೆಯ ಆಗಿದ್ದ."

"ಗೆಳೆಯ ಅಂತ ಸುಳ್ಳು ಬಿಯರ್‌ಗೆ ನಾನು ಮುದ್ರೆ ಒತ್ತಬೇಕಾ? ನನ್ನ ಮಾತಿಗೆ ಬೆಲೆ ಇರೋದು ಈ ಮೂಗಿನಿಂದ ಕಣೋ. ಬೇರೇನಿದೆ ನನ್ನ ಹತ್ರ?"

ಇಹಾಯ ವೈಪರ್ ಹಾಕಿದ, ಮಳೆ ಇರಲಿಲ್ಲ.

ಗುರುವಾರ ಬೆಳಗ್ಗೆ ಅವಳು ಹಿತ್ತಲಿನ ಫೀಜೋವಾ ಹಣ್ಣು ಒಂದು ಚೀಲ ತುಂಬಿಕೊಂಡು ಹಾಪ್ ತೋಟಕ್ಕೆ ಹೋದಳು. ಹೂವು ತೂಕ ಹಾಕಿ ಕೊಡುವ ಟ್ರೂಡಿ ಹಳೆಯ ಜೊತೆಗಾತಿ. ಹಣ್ಣು ಕೊಟ್ಟಳು, ಮೊಮ್ಮಕ್ಕಳನ್ನು ವಿಚಾರಿಸಿದಳು, ಮಂಡಿನೋವಿನ ಮಾತಾಡಿದಳು. ಆಮೇಲೆ, "ಈ ಸಲ ಡೆಸ್ ಯಾವಾಗ ಬಂದಿದ್ದ ಹಸಿ ಹೂವಿಗೆ?" ಎಂದು, ಹವೆ ವಿಚಾರಿಸಿದಂತೆ ಕೇಳಿದಳು.

"ಮಾರ್ಚಿ ಎರಡನೇ ವಾರ, ಮಂಗಳವಾರ ಅಲ್ವಾ? ಬೆಳಕು ಹರಿಯೋ ಮುಂಚೆ ಬಂದು ನಿಂತಿದ್ದ, ಮದುವೆ ಗಂಡಿನ ಥರ. ಆರು ಚೀಲ."

ಮಂಗಳವಾರ ಹೂವು. ಹಲಗೆಯಲ್ಲಿ ಅದೇ ವಾರದ ಗುರುವಾರ. ಹಸಿ ಹೂವು ಚೀಲದಲ್ಲಿ ಎರಡು ದಿನ ಕೂತರೆ ಬೆಂದು ಗೊಬ್ಬರವಾಗುತ್ತದೆ. ಅದನ್ನು ಎಸೆದು ಬೇರೇನು ಹಾಕಿರಬೇಕು?

"ಒಣದ್ದೂ ಒಯ್ದನಾ?"

"ಎರಡು ಪೆಟ್ಟಿಗೆ. ಎಲ್ರೂ ಒಯ್ತಾರಲ್ಲೇ ಮೋನಾ, ವರ್ಷದ ಮಿಕ್ಕ ಬಿಯರ್ ಮಾಡ್ಬೇಡ್ವಾ? ಯಾಕೆ, ಏನಾಯ್ತು?"

"ಏನೂ ಇಲ್ಲಪ್ಪಾ, ಸುಮ್ನೆ."

ಟ್ರೂಡಿ ಹೇಳಿದ್ದರಲ್ಲಿ ಎರಡು ಪೆಟ್ಟಿಗೆ ಎಂಬುದು ಮಾತ್ರ ಅವಳ ತಲೆಯೊಳಗೆ ಹೊಕ್ಕಿತು. ಮನೆಗೆ ಬಂದು ಒಲೆ ಹಚ್ಚಿದಳು, ಹಾಲು ಉಕ್ಕಿಸಿದಳು. ಹದಿನಾರು ವರ್ಷದ ಬುಧವಾರಗಳನ್ನು ಒಂದೊಂದಾಗಿ ತಿರುವಿ ಹಾಕಿದಳು. ಹೋದ ವರ್ಷ ಡೆಸ್ ಕೊಟ್ಟ ಗೋಧಿ ಬಿಯರ್ ನಿಜವಾಗಿ ಅವನದೇ ಆಗಿತ್ತೇ? ಮೂಗಿನ ಮಾತು ಕೇಳಿದ್ದು ಗೌರವಕ್ಕೋ, ಮುಂದೊಂದು ದಿನ ಇವಳು ತೀರ್ಪಿನ ಮೇಜಿಗೆ ಕೂರುತ್ತಾಳೆಂಬ ಲೆಕ್ಕಕ್ಕೋ? ಹುಳ ಒಮ್ಮೆ ಹೊಕ್ಕರೆ ಹಣ್ಣಿನ ಯಾವ ಭಾಗವನ್ನು ಬಿಡುತ್ತದೆ?

ಮೇಜಿಗೆ ಕೂರುವವರು ಶುಕ್ರವಾರದೊಳಗೆ ಸಂಶಯವನ್ನು ಬರೆದು ಕೊಟ್ಟರೆ ಆ ಬಿಯರು ಪಂದ್ಯಕ್ಕೆ ಇಲ್ಲ. ಮಾರಬಹುದು, ಆದರೆ ನಲ್ಲಿಯ ಮೇಲೆ ಹಳದಿ ಚೀಟಿ ತೂಗಬೇಕು. ಬರೆದವರ ಹೆಸರು ಹೊರಗೆ ಬರುವುದಿಲ್ಲ. ಮೋನಾ ಐದನೆಯ ಇಯತ್ತೆಯ ಅಕ್ಷರದಲ್ಲಿ ಎರಡು ಸಾಲು ಬರೆದು ಹಬ್ಬದ ಮುಖ್ಯಸ್ಥ ಲಿಂಡನ್‌ನ ಕೈಗೆ ಕೊಟ್ಟಳು.

ಲಿಂಡನ್ ಓದಿ ಕನ್ನಡಕ ತೆಗೆದ. "ಡೆಸ್ಸಾ? ಖಂಡಿತವಾಗಿ ಹೇಳ್ತೀರಾ ಮೋನಾ?"

"ಮೂವತ್ತೊಂದು ಸುಗ್ಗಿ, ಲಿಂಡನ್."

ಅವನು ಚೀಟಿ ಮಡಚಿ ಜೇಬಿಗಿಟ್ಟ.

ಶನಿವಾರವೂ ಚಳಿ. ಬಾಗಿಲು ತೆರೆಯುವ ಎರಡು ಗಂಟೆ ಮೊದಲು ಡೇರೆಯೊಳಗೆ ಮೂವರೂ ಮೇಜಿಗೆ ಕೂತರು. ಮೋನಾಳ ಎಡಕ್ಕೆ ಕ್ರೈಸ್ಟ್‌ಚರ್ಚಿನ ಒಬ್ಬ ಬ್ರೂವರ್, ಬಲಕ್ಕೆ ನೈರಿ, ಪ್ರೌಢಶಾಲೆಯಲ್ಲಿ ರಸಾಯನ ಹೇಳಿಕೊಡುವವಳು. ಹತ್ತು ಲೋಟ, ಹೆಸರಿಲ್ಲ, ನಂಬರು ಮಾತ್ರ.

ಒಂದನೆಯದನ್ನು ಎತ್ತಿದಳು. ಹುಲ್ಲು, ನಿಂಬೆ, ಅಡಿಯಲ್ಲಿ ಬಿಸಿ ಗೋಣಿ. ಓಹೋ, ಇವನೂ! ಎರಡನೆಯದರಲ್ಲೂ ಗೋಣಿ. ಮೂರರಲ್ಲೂ. ಅವಳಿಗೆ ಮೈಯೆಲ್ಲ ಉರಿಯಿತು. ಹಾಗಾದರೆ ಕಣಿವೆಗೆ ಕಣಿವೆಯೇ ಸೇರಿ ನಾಟಕ ಆಡುತ್ತಿದೆ. ಟ್ರೂಡಿಗೂ ಗೊತ್ತಿರಬೇಕು. ಲಿಂಡನ್‌ಗೂ. ನಾಲ್ಕನೆಯದರಲ್ಲಿ ನೆಲ್ಲಿಕಾಯಿಯಂಥ ಒಂದು ಹುಳಿ ವಾಸನೆ. ಈ ಬಿಯರನ್ನು ಅವಳು ಎರಡು ವಾರದ ಹಿಂದೆ ಬಿಸಿಲಲ್ಲಿ ಕೂತು ಕುಡಿದಿದ್ದಳು, ಆಗ ಇದು ತೊಳೆದಿಟ್ಟಷ್ಟು ಶುದ್ಧವಾಗಿತ್ತು. ಇಂದು ಇದರಲ್ಲೂ ಗೋಣಿ.

ಕೈ ನಿಂತಿತು. ಪಕ್ಕದಲ್ಲಿದ್ದ ಬರೀ ನೀರಿನ ಲೋಟ ಎತ್ತಿ ಮೂಸಿದಳು. ಗೋಣಿ. ಚಹಾಪುಡಿ.

ನೈರಿ ಅಷ್ಟು ಹೊತ್ತಿನಿಂದ ಏನೋ ಹೇಳಬೇಕೆಂದು ಹೊಂಚುತ್ತಿದ್ದಳು. ಮೆಲ್ಲಗೆ ಬಾಗಿ, "ತಪ್ಪು ತಿಳ್ಕೋಬೇಡಿ ಮೋನಾ ಅತ್ತೆ, ನಿಮ್ಮ ಸ್ವೆಟರ್ ಸ್ವಲ್ಪ ತೆಗೆದಿಡ್ತೀರಾ? ನೀವು ಕೈ ಎತ್ತಿದಾಗೆಲ್ಲ ನನಗೆ ಒಣಹೂವಿನ ವಾಸನೆ ಹೊಡೀತಿದೆ. ನನ್ನ ಲೋಟ ನನಗೇ ಗೊತ್ತಾಗ್ತಿಲ್ಲ," ಎಂದಳು.

ಒಣಗೂಡಿನಲ್ಲಿ ಕೆಲಸ ಮಾಡಿದ ಹೆಂಗಸರೆಲ್ಲ ಉಣ್ಣೆಗೆ ನುಸಿ ಹಿಡಿಯದಿರಲೆಂದು ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಒಣಹೂವಿನ ಚೀಲ ಇಡುತ್ತಾರೆ. ಮೋನಾಳ ತಾಯಿ ಇಡುತ್ತಿದ್ದಳು, ಅತ್ತೆ ಇಡುತ್ತಿದ್ದಳು. ಬೇಸಿಗೆಯೆಲ್ಲ ಅದರೊಳಗೆ ಮಲಗಿದ್ದ ಬೂದು ಸ್ವೆಟರನ್ನು ಅವಳು ಹೊರಗೆ ತೆಗೆದದ್ದು ಬುಧವಾರ. ತೋಳು ಮೂಗಿನ ಹತ್ತಿರ ಬಂದಾಗಲೆಲ್ಲ ಬಂದ ವಾಸನೆಯನ್ನು ಲೋಟದ ತಲೆಗೆ ಕಟ್ಟಿದ್ದಳು. ನಮ್ಮಲ್ಲಿ ಯಾರಿಗಾದರೂ ಬೇರೆ ಏನಾದರೂ ತೋಚುತ್ತಿತ್ತೇ? ತೋಚಬೇಕಾಗಿತ್ತು, ಅವಳಿಗಾದರೂ.

ಸ್ವೆಟರ್ ಬಿಚ್ಚಿ ಡೇರೆಯ ಹೊರಗೆ ಬೇಲಿಯ ಮೇಲೆ ಹಾಕಿ ಬಂದಳು. ನಾಲ್ಕನೆಯ ಲೋಟ ಮತ್ತೆ ಎತ್ತಿದಳು. ತೊಳೆದಿಟ್ಟಂತೆ ಶುದ್ಧ.

ಎದ್ದು ಲಿಂಡನ್‌ನನ್ನು ಹುಡುಕಿ ಹಿಡಿದಳು. "ನನ್ನ ಚೀಟಿ ವಾಪಸ್ ಕೊಡಿ. ಡೆಸ್‌ನ ಬಿಯರ್ ತಂದು ಮೇಜಿಗಿಡಿ."

"ಆಗಲ್ಲ ಮೋನಾ. ಉಳಿದಿಬ್ರೂ ಆಗ್ಲೇ ಐದು ಲೋಟಕ್ಕೆ ಅಂಕ ಹಾಕಿದ್ದಾರೆ. ಈಗ ಒಂದು ಲೋಟ ಹೊಸದಾಗಿ ಬಂದ್ರೆ ಅದು ಯಾರದ್ದು ಅಂತ ಇಡೀ ಡೇರೆಗೆ ಗೊತ್ತಾಗಲ್ವಾ? ಹಳದಿ ಚೀಟಿ ತೆಗೀಬಹುದಿತ್ತು, ಆದ್ರೆ ಸಂಜೆವರೆಗೂ ತೆಗೀಬಾರ್ದು ಅಂತ ಹಬ್ಬದ ಕಟ್ಟಳೆ. ನೀವೇ ಸಭೇಲಿ ಕೈ ಎತ್ತಿದ್ರಿ ಅದಕ್ಕೆ, ನೆನಪಿದ್ಯಾ?"

ನೆನಪಿತ್ತು. ತನ್ನ ಅಂಕದ ಹಾಳೆಯನ್ನು ಅವನ ಕೈಗಿಟ್ಟು, ಕುಡಿಯುವವರ ಕಡೆಯ ಕುರ್ಚಿ ಖಾಲಿ ಎಂದು ಬರೆದುಕೊಳ್ಳಲು ಹೇಳಿ ಹೊರಗೆ ನಡೆದಳು. ತೆಳ್ಳನೆಯ ಅಂಗಿಯಲ್ಲಿ ಗಾಳಿ ನೇರ ಮೂಳೆಗೆ ಹೊಕ್ಕಿತು. ಯಾರು ಬರೆದದ್ದೆಂದು ಲಿಂಡನ್ ಬಾಯಿ ಬಿಡುವವನಲ್ಲ. ಹೀಗೇ ಮನೆಗೆ ಹೋದರೆ ಬುಧವಾರ ಎಂದಿನಂತೆ ಡೆಸ್‌ನ ಸ್ಟೂಲಿನ ಮೇಲೆ ಕೂರಬಹುದಿತ್ತು. ಬೇಲಿಯ ತನಕ ಹೋಗಿ, ಹಾಗೆ ಯೋಚಿಸಿ, ತಿರುಗಿ ಬಂದಳು.

ಡೆಸ್ ತನ್ನ ಅಂಗಡಿಯಲ್ಲಿ ನಲ್ಲಿ ಒರೆಸುತ್ತಿದ್ದ. ತಲೆಯ ಮೇಲೆ ಹಳದಿ ಚೀಟಿ ಗಾಳಿಗೆ ಪಟಪಟ ಅನ್ನುತ್ತಿತ್ತು. ಒಂದು ಕೈ ಅಗಲವಿತ್ತು ಅದು.

"ನೋಡಿದ್ರಾ?" ಎಂದ ಅವನು. "ಯಾವ ನಾಯಿ ಮಾಡಿದ ಕೆಲಸವೋ."

"ನಾನು," ಎಂದಳು ಮೋನಾ.

ಒರೆಸುವ ಬಟ್ಟೆ ನಿಂತಿತು. ಅವಳು ಎಲ್ಲವನ್ನೂ ಹೇಳಿದಳು. ಗೋಣಿ ವಾಸನೆ, ಬೆಳ್ಳಿ ಚೀಲ, ಕಾಲಿನಿಂದ ಮುಚ್ಚಿದ ಬಾಗಿಲು, ಹಲಗೆಯ ಗುರುವಾರ, ಟ್ರೂಡಿ, ಸ್ವೆಟರು. ಏನನ್ನೂ ಬಿಡಲಿಲ್ಲ.

"ಗುರುವಾರ ಕುದಿಸಿದ್ದು ಕರಿ ಬಿಯರ್," ಎಂದ ಡೆಸ್. ದನಿ ಏರಿಸಲಿಲ್ಲ. "ಇದು ಮಂಗಳವಾರ ಮಧ್ಯಾಹ್ನ ಮೂರಕ್ಕೆ ಹಂಡೆಗೆ ಬಿತ್ತು. ಇದರದ್ದನ್ನ ಒರೆಸಿ ಕರಿ ಬಿಯರಿನದ್ದು ಬರ್ದೆ, ನನ್ನ ಹತ್ರ ಇರೋದು ಒಂದೇ ಹಲಗೆ." ಬಟ್ಟೆ ಹೆಗಲಿಗೆ ಹಾಕಿ, "ಟ್ರೂಡಿನ ಕೇಳಿದ್ರಿ. ಇಹಾಯನ ಕೇಳಿದ್ರಿ. ನನ್ನ ಹಲಗೇನೂ ಕೇಳಿದ್ರಿ. ಹದಿನಾರು ವರ್ಷ ಎದುರಿಗೆ ಕೂತಿದ್ದೆ ನಾನು," ಎಂದ.

ಮೋನಾ ಕ್ಷಮೆ ಕೇಳಿದಳು. ಅವನು ಬೆನ್ನು ತಿರುಗಿಸಿ ಪೀಪಾಯಿಯ ಕೊಳವೆ ಬಿಗಿ ಮಾಡತೊಡಗಿದ.

ಬಾಗಿಲು ತೆರೆಯಿತು. ಜನ ಬಂದರು. ಒಬ್ಬೊಬ್ಬರೂ ಅಂಗಡಿಯ ಮುಂದೆ ಬಂದು, ತಲೆಯೆತ್ತಿ ಹಳದಿ ಚೀಟಿ ಓದಿ, ಡೆಸ್‌ನ ಮುಖ ನೋಡಿ, ಪಕ್ಕದ ಅಂಗಡಿಗೆ ಸರಿಯುತ್ತಿದ್ದರು. ನಾಲ್ಕನೆಯವನು ಸರಿಯುವಾಗ ಮೋನಾ ಅಂಗಡಿಯ ಮುಂದಿನ ಹಲಗೆಯಡಿ ನುಸುಳಿ ಒಳಗೆ ಬಂದು ಚೀಟಿಯ ಕೆಳಗೆ ನಿಂತಳು.

"ಅದನ್ನ ಬರೆದದ್ದು ನಾನು," ಎಂದು ಬಂದವರಿಗೆಲ್ಲ ಹೇಳತೊಡಗಿದಳು. "ಮೋನಾ ಗಿಲ್‌ಕ್ರಿಸ್ಟ್. ಒಣಗೂಡಿನ ಮೋನಾ. ನನ್ನ ಸ್ವೆಟರಿನ ವಾಸನೇನ ಅವನ ಬಿಯರಿನದು ಅಂದುಕೊಂಡೆ. ಬಿಯರಿನಲ್ಲಿ ತಪ್ಪಿಲ್ಲ."

ಕೆಲವರು ನಕ್ಕರು. ಕೆಲವರು ನಕ್ಕು, ಕೊಂಡರು. ಇಹಾಯ ಬಂದು ಬೇಲಿಯ ಮೇಲಿನ ಸ್ವೆಟರು ನೋಡಿ, ಇವಳನ್ನು ನೋಡಿ, ತನ್ನ ಕೋಟು ಕಳಚಿ ಹೊದೆಸಲು ಹೋದ.

"ಮೊದಲು ಮೂಸು ಅದನ್ನ," ಎಂದಳು.

"ಡೀಸೆಲ್ ವಾಸನೆ ಕಣೇ, ಬೇರೇನೂ ಇಲ್ಲ."

"ಹಾಗಾದ್ರೆ ಬೇಡ. ಆಮೇಲೆ ಇವನು ಬಿಯರಿಗೆ ಡೀಸೆಲ್ ಹಾಕ್ದ ಅಂತ ಬರ್ಕೊಟ್ಟೇನು."

ಮಧ್ಯಾಹ್ನದ ಹೊತ್ತಿಗೆ ಹೊರಗಿನ ಊರಿನವನಂತೆ ಕಾಣುವ ಒಬ್ಬ ದಪ್ಪ ಮೀಸೆಯವನು ಬಂದ. ಕುತ್ತಿಗೆಯಲ್ಲಿ ದಾರ ಕಟ್ಟಿದ ತನ್ನದೇ ಲೋಟ, ಕೈಯಲ್ಲಿ ಪುಟ್ಟ ಪುಸ್ತಕ. ಚೀಟಿ ಓದಿದ, ಮೋನಾ ಹೇಳಿದ್ದನ್ನು ಕೊನೆಯವರೆಗೆ ಕೇಳಿದ. ಕಣ್ಣು ಕಿರಿದು ಮಾಡಿದ.

"ಚೆನ್ನಾಗಿದೆ ಕತೆ. ಈ ಮಾತು ಹೇಳೋಕೆ ಅವನೇ ನಿಮ್ಮನ್ನ ತಂದು ನಿಲ್ಲಿಸಿಲ್ಲ ಅಂತ ನಾನು ಹೇಗೆ ನಂಬ್ಲಿ ಅಜ್ಜಿ? ಅವನ ಅತ್ತೇನೋ, ಚಿಕ್ಕಮ್ಮನೋ ಇರಬಹುದು ನೀವು."

ಮೋನಾ ಬಾಯಿ ತೆರೆದಳು. ಮೂವತ್ತೊಂದು ಸುಗ್ಗಿ ಎನ್ನಲು ಹೊರಟವಳು ನುಂಗಿಕೊಂಡಳು.

"ನಂಬೋದು ಬೇಡ," ಎಂದಳು. "ಅವನು ಇಲ್ಲೇ ನಿಂತಿದ್ದಾನೆ. ಅವನನ್ನೇ ಕೇಳಿ."

ಮೀಸೆಯವನು ಡೆಸ್‌ನತ್ತ ತಿರುಗಿದ. ಡೆಸ್ ಬೆಳಗಿನಿಂದ ಮೊದಲ ಸಲ ಮೋನಾಳ ಮುಖ ನೋಡಿದ. ಆಮೇಲೆ ಅರ್ಧ ಲೋಟ ತುಂಬಿ ಹಲಗೆಯ ಮೇಲಿಟ್ಟು, ಯಾವ ಬೆಳಗ್ಗೆ, ಎಷ್ಟು ಗಂಟೆಗೆ, ಯಾವ ಸಾಲಿನ ಬಳ್ಳಿ, ಎಲ್ಲವನ್ನೂ ಒಂದೊಂದಾಗಿ ಹೇಳಿದ. ಮೀಸೆಯವನು ಮೂಸಿದ, ಗುಟುಕರಿಸಿದ, ಪುಸ್ತಕದಲ್ಲಿ ಏನೋ ಗೀಚಿದ. ಒಪ್ಪಿದನೋ ಇಲ್ಲವೋ ಹೇಳದೆ, ಇನ್ನೊಂದು ಲೋಟ ತುಂಬಿಸಿಕೊಂಡು ಹೋದ.

ಅವನು ಹೋದ ಮೇಲೂ ಡೆಸ್ ನಗಲಿಲ್ಲ. "ಸುಮ್ನೆ ನಿಂತಿದ್ದೀರಲ್ಲ," ಎಂದ. "ಲೋಟ ತೊಳೀರಿ."

ನೀರು ಐಸಿನ ಹಾಗಿತ್ತು. ಮೋನಾ ತೋಳು ಮಡಚಿ ತೊಳೆಯತೊಡಗಿದಳು.