ಕಪ್ಪು ಪಟ್ಟೆಯೊಳಗಿನ ಸದ್ದು

ದೆವ್ವ, ಶಕುನ, ಕನಸಿನ ಸೂಚನೆ ಇವನ್ನೆಲ್ಲ ನಾನು ನಂಬುತ್ತಿರಲಿಲ್ಲ. ಯಾರಾದರೂ ಅಂಥ ಸುದ್ದಿ ತೆಗೆದರೆ ಎದ್ದು ಹೋಗುತ್ತಿದ್ದೆ. ಈಗಲೂ ದೆವ್ವ ಇದೆ ಅಂತ ಹೇಳಲು ಬಂದಿಲ್ಲ. ನನ್ನ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಬರೆಯುತ್ತೇನೆ. ನಾನು ಓದಿದ್ದು ಐದನೇ ಕ್ಲಾಸು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಸುನಾಮಿ ಬಂದ ಮಾರನೇ ವರ್ಷ. ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದವು, ರಸ್ತೆಗಳು ಅಗಲವಾಗುತ್ತಿದ್ದವು, ಎಲ್ಲದಕ್ಕೂ ಕಲ್ಲು ಬೇಕಿತ್ತು. ಮಾಗಡಿ ಹತ್ತಿರದ ಒಂದು ಕ್ವಾರಿಯಲ್ಲಿ ನಾನು ಡೋಜರ್ ಓಡಿಸುತ್ತಿದ್ದೆ. ಬಂಡೆಯ ಮೇಲಿನ ಮಣ್ಣನ್ನು ಬ್ಲೇಡಿನಿಂದ ತಳ್ಳಿ ಮೂಲೆಗೆ ಒಟ್ಟುವುದು ನನ್ನ ಕೆಲಸ.

ಕೆಲಸ ಕೊಡಿಸಿದವರು ಸೋದರಮಾವ ಬೋರಣ್ಣ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವರೂ ಅವರೇ. ಮಾವ ಅದೇ ಕ್ವಾರಿಯಲ್ಲಿ ಕಲ್ಲು ಸೀಳುತ್ತಿದ್ದರು. ಉಳಿ ಇಡುವ ಮೊದಲು ಬಂಡೆಗೆ ಸುತ್ತಿಗೆಯಿಂದ ಮೂರು ಏಟು ಹಾಕಿ, ಕಿವಿ ಇಟ್ಟು ಕೇಳುತ್ತಿದ್ದರು. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಇಂಥ ಕಡೆ ಇದೆ ಅನ್ನುತ್ತಿದ್ದರು. ಸೀಳಿದರೆ ಅಲ್ಲೇ ಇರುತ್ತಿತ್ತು. ಅಂಥ ಕಿವಿಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಒಂದು ದಿನ ಬೆಳಿಗ್ಗೆ ಬೆಂಗಳೂರಿನ ಕಾಲೇಜಿನಿಂದ ಒಬ್ಬ ಮೇಡಂ ಬಂದರು. ಕಲ್ಲು, ಭೂಮಿ ಇವುಗಳ ಪಾಠ ಹೇಳುವವರು. ತಲೆಗೆ ಟೋಪಿ, ಕೊರಳಿಗೆ ಭೂತಗನ್ನಡಿ, ಕೈಯಲ್ಲಿ ಪುಟ್ಟ ಸುತ್ತಿಗೆ. ಮಾವ ಆ ಸುತ್ತಿಗೆ ನೋಡಿ ನಕ್ಕರು.

“ಇದ್ರಲ್ಲಿ ಕಡ್ಲೇಕಾಯ್ ಒಡೀಬೋದು ಕಣವ್ವ, ಬಂಡೆ ಒಡ್ಯಕಾಯ್ತದಾ?”

“ಬಂಡೆ ನೀವೇ ಒಡೀರಿ ಯಜಮಾನ್ರೇ. ನನಗೆ ಉಗುರಿನಷ್ಟು ಚೂರು ಸಾಕು,” ಅಂದರು ಮೇಡಂ.

ನಮ್ಮ ಕ್ವಾರಿಯ ಕೆಂಪು ಕಲ್ಲಿನ ಮಧ್ಯೆ ಮೊಳ ದಪ್ಪದ ಒಂದು ಕಪ್ಪು ಪಟ್ಟೆ ಇತ್ತು. ಅದು ಸೇರಿದ ಕಲ್ಲನ್ನು ಯಾರೂ ಕೊಳ್ಳುತ್ತಿರಲಿಲ್ಲ. ನಮಗೆ ಅದು ದರಿದ್ರ. ಮೇಡಂ ಮಾತ್ರ ಗರ್ಭಗುಡಿ ಮುಂದೆ ನಿಂತ ಹಾಗೆ ಅದರ ಮುಂದೆ ನಿಂತುಬಿಟ್ಟರು. ಆಮೇಲೆ ತಿರುಗಿ ನನ್ನ ಡೋಜರ್ ನೋಡಿದರು.

“ಸ್ವಲ್ಪ ನಿಧಾನವಾಗಿ ಮಣ್ಣು ತಳ್ಳಿ ತೋರಿಸ್ತೀರಾ?”

ಅಲ್ಲಿವರೆಗೆ ನನಗೆ ಯಾರೂ ಹಾಗೆ ಮರ್ಯಾದೆ ಕೊಟ್ಟು ಮಾತಾಡಿರಲಿಲ್ಲ. ತಳ್ಳಿದೆ. ಅವರು ಪಕ್ಕದಲ್ಲಿ ನಡೆಯುತ್ತಾ ಹೇಳಿದರು. ಸಮುದ್ರದ ತಳ ನಿಂತ ಕಡೆ ನಿಂತಿರುವುದಿಲ್ಲವಂತೆ. ಉಗುರು ಬೆಳೆಯುವಷ್ಟು ನಿಧಾನಕ್ಕೆ ಸರಿಯುತ್ತದಂತೆ. ಕೆಲವು ಕಡೆ ಅದು ಎದುರಿನ ನೆಲದ ಕೆಳಗೆ ನುಗ್ಗುತ್ತದೆ. ಆಗ ತಳದ ಮೇಲಿನ ಕೆಸರೆಲ್ಲ ಕೆಳಗೆ ಹೋಗುವುದಿಲ್ಲ. ಎದುರಿನ ನೆಲ ಅದನ್ನು ಡೋಜರ್ ಬ್ಲೇಡಿನ ಹಾಗೆ ಹೆರೆದು ಒಟ್ಟುತ್ತದೆ. ಅಂಡಮಾನ್ ದ್ವೀಪಗಳು ಹಾಗೆ ಎದ್ದವಂತೆ.

ಬ್ಲೇಡಿನ ಮುಂದೆ ಮಣ್ಣು ಗುಡ್ಡೆಯಾಗುವುದನ್ನು ದಿನಾ ನೋಡುತ್ತಿದ್ದೆ, ಗಮನಿಸಿರಲಿಲ್ಲ. ಹೊಸ ಮಣ್ಣು ಬುಡಕ್ಕೆ ಸೇರುತ್ತದೆ. ಹಳೆಯದು ಓರೆಯಾಗಿ ಮೇಲೇಳುತ್ತದೆ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು. ನಾನು ದುಡಿಮೆ ಅಂತ ಮಾಡುತ್ತಿದ್ದದ್ದನ್ನೇ ಸಮುದ್ರವೂ ಮಾಡುತ್ತದೆ ಅಂದಾಗ ಎದೆ ಉಬ್ಬಿತು.

“ಈ ಕಪ್ಪು ಪಟ್ಟೇನೂ ಸಮುದ್ರದ್ದಾ ಮೇಡಂ?” ಅಂತ ಕೇಳಿದೆ.

“ಇರಬಹುದು. ಈ ಕೆಂಪು ಕಲ್ಲು ಕಾದು ಕರಗಿ ಮೇಲೆ ಬರುವಾಗ ಇದನ್ನ ನುಂಗಿಕೊಂಡಿದೆ. ಅದಕ್ಕೆ ಮುಂಚೆ ಇದು ಯಾವುದೋ ಸಮುದ್ರದ ಕೆಸರಾಗಿತ್ತೋ ಏನೋ. ಖಾತ್ರಿ ಇಲ್ಲ, ಇದರ ಮೇಲೆ ನಾವೇ ಜಗಳ ಆಡ್ತೀವಿ.”

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಓದಿದವರನ್ನು ನಾನು ಮೊದಲು ನೋಡಿದ್ದು ಅವತ್ತೇ. ಶೆಡ್ಡಿನ ಕಡೆ ಹೋಗುವಾಗ ಅವರು ಇನ್ನೊಂದು ಮಾತು ಹೇಳಿದರು: “ಗುಡ್ಡೆಗೆ ಅದರದೇ ಒಂದು ಓರೆ ಇರುತ್ತೆ. ಅದಕ್ಕಿಂತ ಕಡಿದಾದರೆ ನಿಲ್ಲಲ್ಲ, ಜಾರುತ್ತೆ.”

ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ಶೆಡ್ಡಿನ ನೆರಳಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಅವರಿಗೆ ಕಾಣಲಿ ಅಂತ ಮಧ್ಯಾಹ್ನದವರೆಗೂ ತಳ್ಳಿದೆ. ಮೂಲೆಯ ಗುಡ್ಡೆ ಗೋಡೆಯ ಹಾಗೆ ಎದ್ದಿತು. ಅದರ ಬುಡದಲ್ಲೇ ಹೊಂಗೆ ಮರ. ಮಾವ ದಿನಾ ಒಬ್ಬರೇ ಊಟ ಮಾಡುತ್ತಿದ್ದದ್ದು ಅದರ ಕೆಳಗೆ.

ಊಟದ ಹೊತ್ತಿಗೆ ಎಲ್ಲ ಮಿಷನ್ ನಿಂತವು. ನಾನು ಇಳಿದು ಕಪ್ಪು ಪಟ್ಟೆಯ ಹತ್ತಿರ ಹೋದೆ. ಅದು ಮರದಿಂದ ನೂರು ಹೆಜ್ಜೆ ಆಚೆ. ಮಾವ ಮಾಡುವ ಹಾಗೆ ಮೂರು ಏಟು ಹಾಕಿ ಕಿವಿ ಇಟ್ಟೆ.

ಒಳಗೆ ಸದ್ದು. ಒಂದು ಲೋಡ್ ಸಣ್ಣ ಜಲ್ಲಿಯನ್ನು ಸುರಿದು, ಅದನ್ನೇ ಯಾರೋ ವಾಪಸ್ ಎಳೆದುಕೊಂಡ ಹಾಗೆ. ಆಮೇಲೆ ಏನಿಲ್ಲ. ಎಂಟು ಎಣಿಸಿದೆ. ಮತ್ತೆ ಸುರಿಯಿತು, ಮತ್ತೆ ಎಳೆಯಿತು. ಕಿವಿ ತೆಗೆದರೆ ಇಲ್ಲ, ಇಟ್ಟರೆ ಇದೆ. ಇದನ್ನು ಮಾವ ಕೇಳಿ ಹೇಳಬೇಕು ಅನ್ನಿಸಿತು.

“ಮಾವ, ಬಾ ಇಲ್ಲಿ! ಕಲ್ಲೊಳ್ಗೆ ಏನೋ ಸದ್ದಾಯ್ತಾ ಐತೆ!”

“ಉಣ್ಣಕ್ ಬುಡ್ಲಾ! ಡೋಜರ್ ಓಡ್ಸಿ ಓಡ್ಸಿ ಕಿವಿ ಕೆಟ್ಟೋಗೈತೆ ನಿಂಗೆ.”

“ನಿನ್ನಾಣೆ ಮಾವ. ಒಸಿ ಬಂದೋಗು.”

“ಒಂದ್ ಮುದ್ದೆ ನೆಮ್ಮದಿಯಾಗ್ ಉಣ್ಣಂಗಿಲ್ಲ ನಿನ್ ದೆಸೆಯಿಂದ,” ಅಂತ ಗೊಣಗುತ್ತಾ ತಟ್ಟೆ ಹಿಡಿದುಕೊಂಡೇ ಬಂದರು. ನಾನು ತೋರಿಸಿದ ಜಾಗಕ್ಕೇ ಕಿವಿ ಇಟ್ಟರು. ತುಂಬಾ ಹೊತ್ತು ಕೇಳಿದರು.

“ಏನೂ ಇಲ್ಲ ಕಣ್ಲಾ. ಮೂಗ ಬಂಡೆ ಇದು.”

ಅವರ ಮಾತು ಮುಗಿದಿತ್ತು ಅಷ್ಟೆ. ಹಿಂದೆ ಉಸಿರು ಬಿಟ್ಟ ಹಾಗೆ ಒಂದು ಶಬ್ದ. ತಿರುಗಿದೆವು. ನಾನು ಒಟ್ಟಿದ ಗುಡ್ಡೆ ಬುಡಸಮೇತ ಜಾರಿ ಹೊಂಗೆ ಮರವನ್ನು ಕೊಂಬೆಯವರೆಗೆ ಮುಚ್ಚಿತ್ತು.

ಮಾವ ಮರದ ಕೆಳಗೇ ಇದ್ದಿದ್ದರೆ, ಸಾಕಿದವರನ್ನು ನನ್ನ ಕೈಯಾರೆ ಹೂಳುತ್ತಿದ್ದೆ. ಮಾವ ತಟ್ಟೆ ಹಿಡಿದೇ ನಿಂತಿದ್ದರು.

“ಉಪ್ಸಾರಿನ್ ಚೊಂಬು ಅಲ್ಲೇ ಉಳ್ಕಂತಲ್ಲೋ,” ಅಂದರು.

ಮೇಡಂ ಓಡಿ ಬಂದರು. ಎಲ್ಲ ಕೇಳಿಕೊಂಡು ಯೋಚಿಸಿ ಹೇಳಿದರು: ಗುಡ್ಡೆ ಜಾರುವ ಮೊದಲು ಅದರ ಬುಡ ಅಲುಗಿರಬಹುದು, ಆ ಸದ್ದು ಬಂಡೆಯಲ್ಲಿ ಹರಿದು ಬಂದಿರಬಹುದು. ಸರಿ. ಆದರೆ ಬುಡ ಅಲುಗಿದರೆ ಎಂಟು ಎಣಿಸಿ ಎಣಿಸಿ ಅಲುಗುತ್ತದಾ? ಕೂದಲೆಳೆ ಬಿರುಕು ಕೇಳುವ ಮಾವನಿಗೆ, ಗುಡ್ಡೆ ಬೀಳುವ ಕ್ಷಣದಲ್ಲಿ, ಅದೇ ಜಾಗದಲ್ಲಿ ಏನೂ ಯಾಕೆ ಕೇಳಲಿಲ್ಲ? ಇದಕ್ಕೆ ಮೇಡಂ ಮತ್ತೆ “ಗೊತ್ತಿಲ್ಲ” ಅಂದರು.

ನಾನು ಅಲ್ಲಿವರೆಗೆ ಸಮುದ್ರ ನೋಡಿರಲಿಲ್ಲ. ಮೂರು ವರ್ಷದ ಮೇಲೆ ಕೆಲಸಕ್ಕೆ ಅಂತ ಮಂಗಳೂರಿಗೆ ಹೋದಾಗ ದಡದಲ್ಲಿ ನಿಂತೆ. ಅಲೆ ಬಂದು ಸುರಿಯಿತು, ಮರಳನ್ನು ಎಳೆದುಕೊಂಡು ಹೋಯಿತು. ಎಣಿಸಲು ಶುರುಮಾಡಿದೆ. ಎಂಟಕ್ಕೆ ಮುಂದಿನದು ಬಂತು. ಇನ್ನೊಂದು ಸಲ ಎಣಿಸುವ ಧೈರ್ಯವಾಗಲಿಲ್ಲ, ಹಿಂದೆ ಬಂದುಬಿಟ್ಟೆ.

ಆ ಕ್ವಾರಿ ಈಗ ನಿಂತಿದೆ. ಗುಂಡಿಯಲ್ಲಿ ನೀರು ತುಂಬಿ ಕಪ್ಪು ಪಟ್ಟೆ ಮುಳುಗಿದೆ. ಮಾವ ಬೇರೆ ಕಡೆ ಕಲ್ಲು ಸೀಳುತ್ತಾರೆ, ನಾನೂ ಅಲ್ಲೇ ಇದ್ದೇನೆ. ಅವರ ಕಿವಿ ಇನ್ನೂ ಚುರುಕು. ಊಟದ ಗಂಟು ಬಿಚ್ಚುವ ಮೊದಲು ನನ್ನನ್ನು ಕರೆದು, “ಎಲ್ ಕೂತ್ಕಳನ್ಲಾ, ಕೇಳಿ ಹೇಳು,” ಅಂತ ಎಲ್ಲರ ಮುಂದೆ ತಮಾಷೆ ಮಾಡುತ್ತಾರೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ನಗುತ್ತಲೇ ಬಗ್ಗಿ ಪಕ್ಕದ ಬಂಡೆಗೆ ಕಿವಿ ಇಡುತ್ತೇನೆ. ನಾನು ಎಂಟು ಎಣಿಸುವವರೆಗೆ ಮಾವ ಕೂರುವುದಿಲ್ಲ.