ಬಿಟ್ಟವರು ಯಾರು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಎಲ್ಲರೂ ಅವಳನ್ನು ಮಡಿಕೆಯಕ್ಕ ಎನ್ನುತ್ತಿದ್ದರು. ಹಿಂದೆ ಗಡಿಗೆ ಮಾರುತ್ತಿದ್ದಳೇನೋ ಎಂದು ಹೊಸಬರು ತಿಳಿಯುವುದಿತ್ತು. ಸಂಗತಿ ಅದಲ್ಲ. ಯಂತ್ರದಿಂದ ಬಿಸಿಬಿಸಿಯಾಗಿ ಬೀಳುವ ಹಾಸಿಗೆ ಬಟ್ಟೆಯನ್ನು ಅವಳಷ್ಟು ಚೊಕ್ಕವಾಗಿ ಮಡಿಸುವವರು ಅಲ್ಲಿ ಇನ್ನೊಬ್ಬರಿರಲಿಲ್ಲ. ಅಂಚಿಗೆ ಅಂಚು ಕೂಡಿಸಿ ಒಮ್ಮೆ ಕೊಡವಿದರೆ ಗೆರೆ ಎಳೆದಂತೆ ಕೂರುತ್ತಿತ್ತು. ಎರಡು ವರ್ಷದ ಹಿಂದೆ ಗುತ್ತಿಗೆದಾರ ಬದಲಾದಾಗ ಗಂಡಸರ ಕೆಲಸ ಪೂರ್ತಿ ದಿನ ಉಳಿಯಿತು, ಹೆಂಗಸರದು ಅರ್ಧ ದಿನಕ್ಕೆ ಇಳಿಯಿತು. "ಅವ್ರಿಗೆ ಸಂಸಾರ ಇದೆಯಲ್ಲಮ್ಮಾ" ಎಂದಿದ್ದ ಮೇಸ್ತ್ರಿ. ಹಾಗಾದರೆ ತನಗಿರುವುದನ್ನು ಏನೆನ್ನಬೇಕು ಎಂದು ಕೇಳಲು ಅವಳಿಗೆ ಆಗ ಹೊಳೆಯಲಿಲ್ಲ.

ಅವಳಿಗಿದ್ದದ್ದು ಅತ್ತೆ. ಗಂಡನಿಲ್ಲದ ಮನೆಯಲ್ಲಿ ಗಂಡನ ತಾಯಿ. ಹನ್ನೆರಡು ವರ್ಷದ ಹಿಂದೆ, ಗಂಡ ಮೂರನೆಯ ಸಲ ಅವಳ ತುಟಿ ಒಡೆದ ದಿನ, ಅವನ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಚಿಲಕ ಹಾಕಿದ್ದು ಅತ್ತೆಯೇ. "ಹೆತ್ತಿರೋಳು ನಾನು, ಆಚೆ ಹಾಕೋಳೂ ನಾನೇ" ಎಂದಿದ್ದಳು ಮುದುಕಿ. ಅಂದಿನಿಂದ ಒಂದೂವರೆ ಕೋಣೆಯ ಆ ಮನೆಯಲ್ಲಿ ಇಬ್ಬರೇ. ಅರ್ಧ ಸಂಬಳ, ಅದರ ಮೇಲೆ ಸರ್ಕಾರ ಒಂಟಿ ಹೆಂಗಸರಿಗೆ ಕೊಡುವ ಮಾಸಾಶನ. ಹೇಗೋ ಸಾಗುತ್ತಿತ್ತು.

ಒಂದು ಮಧ್ಯಾಹ್ನ ಪತ್ರ ಬಂತು. ಮರುಪರಿಶೀಲನೆಯ ವೇಳೆ ಸದರಿ ಮನೆಯಲ್ಲಿ ಪುರುಷ ಯಜಮಾನರು ವಾಸವಿರುವುದು ಕಂಡುಬಂದ ಕಾರಣ ಮಾಸಾಶನವನ್ನು ಸ್ಥಗಿತಗೊಳಿಸಲಾಗಿದೆ ಎಂದಿತ್ತು. ಅವಳು ಎರಡು ಸಲ ಗಟ್ಟಿಯಾಗಿ ಓದಿದಳು. ಅತ್ತೆ ಮಂಚದ ಕೆಳಗೆ ಇಣುಕಿದಳು.

"ಎಲ್ಲಿದಾನೆ? ನಂಗೂ ಸ್ವಲ್ಪ ತೋರ್ಸು."

ಇಬ್ಬರೂ ನಕ್ಕರು. ಆಮೇಲೆ ನಗು ತಾನಾಗಿಯೇ ನಿಂತಿತು.

ಮರುದಿನ ಕಚೇರಿಯ ನಾಲ್ಕನೇ ಕಿಟಕಿಯಲ್ಲಿ ಕುಳಿತಿದ್ದ ಗುಮಾಸ್ತೆ ಕಂಪ್ಯೂಟರು ನೋಡಿ ಹೇಳಿದಳು, "ಪರಿಶೀಲನೆಗೆ ಬಂದಿದ್ದೋರು ಬಾಗಿಲ ಹತ್ರ ಗಂಡಸರ ಚಪ್ಪಲಿ ನೋಡಿದಾರೆ."

"ಅದು ನಮ್ಮತ್ತೇದು ಮೇಡಂ. ಕಾಲು ಊದ್ಕೊಂಡಿದೆ, ಹೆಂಗಸರ ಚಪ್ಪಲಿ ಹಿಡಿಸಲ್ಲ."

"ಇರಬಹುದು. ಆದ್ರೆ ಈ ವರ್ಷದಿಂದ ಹೊಸ ನಿಯಮ. ಹೆಂಡತೀನ ಬಿಟ್ಟು ಹೋಗಿದೀನಿ ಅಂತ ಈ ಫಾರಮ್ಮಿನಲ್ಲಿ ನಿಮ್ಮನೆಯವ್ರು ಸೈನ್ ಮಾಡ್ಬೇಕು."

"ಬಿಟ್ಟು ಹೋದೋರನ್ನ ಹುಡುಕ್ಕೊಂಡು ಹೋಗಿ ಸೈನ್ ಹಾಕಿಸ್ಕೋಬೇಕಾ?"

"ಹೌದು."

"ಸಿಕ್ಕಿಬಿಟ್ರೆ, ಬಿಟ್ಟು ಹೋದ ಹಾಗೆ ಹೇಗಾಗುತ್ತೆ?"

ಗುಮಾಸ್ತೆ ಫಾರಮ್ಮನ್ನು ತನ್ನ ಕಡೆ ತಿರುಗಿಸಿಕೊಂಡು, ಮೊದಲ ಸಲ ನೋಡುವವಳಂತೆ ಓದಿದಳು. "ಅದು ನಂಗೂ ಗೊತ್ತಾಗ್ತಿಲ್ಲಮ್ಮಾ" ಎಂದು ಹಿಂದಿರುಗಿಸಿದಳು.

ಅವನನ್ನು ಎಲ್ಲಿ ಹುಡುಕುವುದು ಎಂದು ಮನೆಗೆ ಬಂದು ತಲೆ ಮೇಲೆ ಕೈಹೊತ್ತು ಕುಳಿತಾಗ ಅತ್ತೆ ಗೋಡೆಯ ಕಡೆ ನೋಡುತ್ತ ಬಾಯಿಬಿಟ್ಟಳು. "ದೊಡ್ಡ ಬಸ್‌ ನಿಲ್ದಾಣದಲ್ಲಿ, ಲಗೇಜು ಇಡೋ ಕೋಣೇಲಿ ಕೆಲಸಕ್ಕಿದಾನೆ. ಬಣ್ಣ ಹೊಡೆಯೋಕೆ ಹತ್ತಿದ್ದ ಸಾರ್ವೆಯಿಂದ ಬಿದ್ದು ಕಾಲು ಹೋಗಿದೆ."

"ನಿಮಗೆ ಹೇಗೆ ಗೊತ್ತು?"

"ವಾರಕ್ಕೊಂದ್ಸಲ ಫೋನ್ ಮಾಡ್ತಾನೆ. ನೀನು ಕೆಲಸಕ್ಕೆ ಹೋದಾಗ." ಮುದುಕಿ ಸೆರಗಿನ ಅಂಚನ್ನು ಸುತ್ತಿ ಬಿಚ್ಚಿದಳು. "ಆಚೆ ಹಾಕಿದೀನಿ. ಆದ್ರೂ ಹೆತ್ತಿದೀನಲ್ಲೇ."

ಕೋಪ ಮಾಡಿಕೊಳ್ಳಬೇಕೋ, ಕನಿಕರ ಪಡಬೇಕೋ ಅವಳಿಗೆ ತೋಚಲಿಲ್ಲ. ಆ ದಿನ ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಮತ್ತೊಮ್ಮೆ ತಿಕ್ಕಿದಳು.

ಲಗೇಜು ಕೋಣೆಯ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕುಳಿತವನನ್ನು ಅವಳು ಮೊದಲು ಗುರುತಿಸಲೇ ಇಲ್ಲ. ಮನೆಗೋಡೆಗಳಿಗೆ ಬಣ್ಣ ಬಳಿಯುತ್ತಿದ್ದ ಕಟ್ಟುಮಸ್ತಾದ ಆಳು ಈಗ ಕೋಲಿನಂತಾಗಿದ್ದ. ಕುಡಿತ ಬಿಟ್ಟು ಆರು ವರ್ಷವಾಯಿತೆಂದ. ಹನ್ನೆರಡು ವರ್ಷ ಮನಸ್ಸಿನಲ್ಲೇ ಬೈದಿಟ್ಟುಕೊಂಡ ಮಾತುಗಳು ಈ ಮನುಷ್ಯನಿಗೆ ಹೊಂದುತ್ತಲೇ ಇರಲಿಲ್ಲ. ಅವಳು ಫಾರಮ್ಮು ಮುಂದಿಟ್ಟಳು.

ಅವನು ನಿಧಾನವಾಗಿ ಓದಿದ. "ನಾನೆಲ್ಲಿ ಬಿಟ್ಟೆ? ಬಾಗಿಲು ಹಾಕ್ಕೊಂಡೋರು ನೀವಿಬ್ರು."

"ಯಾಕೆ ಹಾಕ್ಕೊಂಡ್ವಿ?"

ಅವನು ತಲೆ ತಗ್ಗಿಸಿದ. "ಅದು ನಿಜ." ಫಾರಮ್ಮಿನ ಮೇಲೆ ಬೆರಳಿಟ್ಟು, "ಇದಕ್ಕೆ ಸೈನ್ ಹಾಕಿದ್ರೆ ನನ್ನ ಕಾಲಿನ ಭತ್ಯೆ ನಿಲ್ಲಿಸ್ತಾರೆ. ಹೆಂಡತಿಗೆ ಜೀವನಾಂಶ ಕೊಡಬೇಕಾದೋನು ಇವನು, ಇವನಿಗ್ಯಾಕೆ ಭತ್ಯೆ ಅಂತ. ಪಾರ್ಸೆಲ್ ಎತ್ತೋ ಒಬ್ಬನಿಗೆ ಹಾಗೇ ಆಯ್ತು" ಎಂದ. ಆಮೇಲೆ ಕಿವಿಯ ಮೇಲಿನ ಪೆನ್ನು ತೆಗೆದ. "ಇರಲಿ, ಕೊಡು. ಹಾಕ್ತೀನಿ."

ಪೆನ್ನಿನ ಮೊನೆ ಕಾಗದ ಮುಟ್ಟುವ ಮುಂಚೆ ಅವಳು ಫಾರಮ್ಮನ್ನು ಕಿತ್ತುಕೊಂಡಳು. ಏಕೆಂದು ಅವಳಿಗೇ ತಿಳಿಯಲಿಲ್ಲ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಅವನು ಹಾಳಾಗಿ ಹೋಗಲಿ ಎಂದು ಎಷ್ಟು ಸಲ ಅಂದುಕೊಂಡಿರಲಿಲ್ಲ! ಅದು ಕೈಗೆ ಬಂದಾಗ ಕೈಯೇ ಹಿಂದೆ ಸರಿಯಿತು.

ಮನೆಗೆ ಬಂದವಳೇ ಬಿಳಿ ಹಾಳೆ ತೆಗೆದು ಬರೆದಳು: 'ನನ್ನ ಗಂಡ ನನ್ನನ್ನು ಬಿಟ್ಟಿಲ್ಲ. ಹೊಡೆಯುತ್ತಿದ್ದರು, ಆದ್ದರಿಂದ ನಾನೇ ಅವರನ್ನು ಬಿಟ್ಟೆ. ಗಂಡಸು ಬಿಟ್ಟರೆ ಮಾತ್ರ ಹೆಂಗಸು ಒಂಟಿಯೇ? ದಯವಿಟ್ಟು ತಿಳಿಸಬೇಕು.' ಅತ್ತೆ ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದಳು. ಇದಕ್ಕೆ ಫಾರಮ್ಮಿನಲ್ಲಿ ಜಾಗವೇ ಇಲ್ಲವೆಂದು ಗುಮಾಸ್ತೆ ಗೊಣಗಿದಳು. ಆದರೂ ಗುಂಡುಸೂಜಿ ಚುಚ್ಚಿ ಮೇಲಿನವರಿಗೆ ಕಳಿಸಿದಳು.

ಏಳು ತಿಂಗಳು ಏನೂ ಬರಲಿಲ್ಲ. ಅವಳು ಬೆಳಿಗ್ಗೆ ಆಸ್ಪತ್ರೆ ಮುಗಿಸಿ ಮಧ್ಯಾಹ್ನ ಆರಂತಸ್ತಿನ ಕಟ್ಟಡವೊಂದರ ಮೆಟ್ಟಿಲು ಒರೆಸಲು ಹಿಡಿದಳು. ಅತ್ತೆ ಮಂಡಿನೋವು ಮಾಯವಾಯಿತೆಂದು ಮಾತ್ರೆ ಬೇಡವೆಂದಳು. ಅವಳು ನಂಬಿದಳು. ಒಂದು ದಿನ ಬೇಗ ಮನೆಗೆ ಬಂದಾಗ, ಮುದುಕಿ ನೀರಿನ ಕೊಡವನ್ನು ನೆಲದ ಮೇಲೆ ತಳ್ಳಿಕೊಂಡು ಕುಂಡಿಯ ಮೇಲೆ ತೆವಳುತ್ತಿದ್ದಳು. "ನಿನಗ್ಯಾಕೆ ಇವತ್ತು ರಜ?" ಎಂದು ಅತ್ತೆಯೇ ಗದರಿದಳು.

ಕೊನೆಗೆ ವಿಚಾರಣೆಗೆ ಕರೆ ಬಂತು. ಮೇಜಿನ ಹಿಂದೆ ಮೂವರು ಅಧಿಕಾರಿಗಳು. ವಿಚ್ಛೇದನ ಏಕೆ ಪಡೆಯಲಿಲ್ಲ ಎಂದು ಒಬ್ಬರು. ಹೆಂಗಸರೆಲ್ಲ ಹೀಗೆ ಗಂಡಂದಿರನ್ನು ಬಿಡುತ್ತಾ ಹೋದರೆ ಸರ್ಕಾರ ಎಷ್ಟು ಜನರನ್ನು ಸಾಕಬೇಕು ಎಂದು ಇನ್ನೊಬ್ಬರು.

"ಸಾಕಿ ಅಂತ ಕೇಳಿಲ್ಲ ಸಾರ್, ಇಪ್ಪತ್ತು ವರ್ಷದಿಂದ ದುಡೀತಾ ಇದೀನಿ" ಎಂದಳು. "ನಾನು ಯಾರ ಲೆಕ್ಕದಲ್ಲಿ ಬರ್ತೀನಿ ಅಂತ ಕೇಳಿದೆ ಅಷ್ಟೇ."

ಮೂರನೆಯ ಅಧಿಕಾರಿ, ಹೆಂಗಸು, ಆ ಮಾತನ್ನು ಒಂದು ಚೀಟಿಯ ಮೇಲೆ ಬರೆದುಕೊಂಡಳು.

ಮುಂದಿನ ತಿಂಗಳು ಮಾಸಾಶನ ಬಂತು. ಪತ್ರವಿಲ್ಲ, ಕಾರಣವಿಲ್ಲ. ಮೊದಲು ಮಾತ್ರೆ ತಂದಳು, ಆಮೇಲೆ ನಾಲ್ಕನೇ ಕಿಟಕಿಗೆ ಹೋಗಿ ಕೇಳಿದಳು. ಗುಮಾಸ್ತೆ ಹುಡುಕಿ, ದನಿ ತಗ್ಗಿಸಿದಳು.

"ಇಲ್ಲಿ ವಿಧವೆ ಅಂತ ಬಂದಿದೆ."

"ಅವ್ರು ಬದುಕಿದಾರೆ ಮೇಡಂ! ನಾನೇ ನೋಡ್ಕೊಂಡು ಬಂದಿದೀನಿ."

"ಗೊತ್ತಮ್ಮಾ. ತಿದ್ದೋಕೆ ಹೋದ್ರೆ ಮತ್ತೆ ನಿಂತ್ಹೋಗುತ್ತೆ. ಸುಮ್ನಿದ್ಬಿಡಿ."

ಮನೆಗೆ ಬಂದು ಅತ್ತೆಗೆ ಹೇಳಿದಳು. ಅತ್ತೆ ಸೊಸೆಯ ಎದುರಿಗೇ ಮಗನಿಗೆ ಫೋನು ಹಚ್ಚಿದಳು. "ಏನೋ, ನೀನು ಸತ್ತಿದೀಯಂತಲ್ಲೋ!" ಆ ಕಡೆ ಅವನು ಜೋರಾಗಿ ನಕ್ಕದ್ದು ಇಬ್ಬರಿಗೂ ಕೇಳಿಸಿತು. ನಕ್ಕು ಮುಗಿದ ಮೇಲೆ, "ಅಮ್ಮಾ, ಹಾಗಾದ್ರೆ ನನ್ನ ಭತ್ಯೆ ನಿಂತ್ಹೋಗುತ್ತಾ?" ಎಂದ. ಅತ್ತೆ ಸೊಸೆಯ ಮುಖ ನೋಡಿದಳು.

ಒಂದು ವಾರ ಅವಳಿಗೆ ಮಡಿಕೆಗಳು ಸರಿಯಾಗಿ ಕೂರಲಿಲ್ಲ. ಸುಮ್ಮನಿದ್ದರೆ ಬದುಕಿರುವವನನ್ನು ಸಾಯಿಸಿದ ಹಾಗೆ, ಬಾಯಿಬಿಟ್ಟರೆ ಮುದುಕಿಯ ಮಾತ್ರೆಗೆ ಕಲ್ಲು ಹಾಕಿದ ಹಾಗೆ. ಕೊನೆಗೆ ಇನ್ನೊಂದು ಹಾಳೆ ಬರೆದಳು: ಗಂಡ ಬದುಕಿದ್ದಾರೆ, ಆದರೂ ನಾನು ಒಂಟಿ, ಹಾಗೆಂದೇ ಬರೆದುಕೊಳ್ಳಿ ಎಂದು. ಗುಮಾಸ್ತೆ ಅದನ್ನು ತೆಗೆದುಕೊಂಡು ಮೂರು ಫೈಲು ತೆರೆದಳು, ಮೂರನ್ನೂ ಮುಚ್ಚಿದಳು.

"ಯಾವುದರಲ್ಲಿ ಇಡಲಿ ಹೇಳಿ?"

ಕೆಲಸಕ್ಕೆ ತಡವಾಗುತ್ತಿತ್ತು. "ಕಾಣೋ ಕಡೆ ಇಡಿ" ಎಂದು ಹೇಳಿ ಅವಳು ಹೊರಟಳು. ಉತ್ತರ ಇನ್ನೂ ಬಂದಿಲ್ಲ.